ಪಾರ್ಲರಿನ ಕೆಲಸವೂ ಹೆಗಲಿನ ನೋವೂ



ಮಾತು ಆರಂಭಿಸುವ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಕೈಯಲ್ಲಿರುವ ಪುಸ್ತಕವನ್ನು ಪಕ್ಕಕ್ಕಿಟ್ಟು, ಬಲಗೈಯನ್ನು ಮುಂದಕ್ಕೆ ಚಾಚಿ, ಹೆಗಲಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಕೈಯಲ್ಲಿ ಏನೂ ಬೇಡ, ಬರಿಗೈ ಸಾಕು. ಗಡಿಯಾರ ನೋಡಿಕೊಳ್ಳಿ. ಮೊದಲ ನಿಮಿಷ ಏನೂ ಅನ್ನಿಸುವುದಿಲ್ಲ. ಆಮೇಲೆ ತೋಳು ತುಸು ಭಾರವಾಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಹಿಡಿದರೆ ಹೆಗಲಿನ ಮೇಲ್ಭಾಗ ಉರಿಯತೊಡಗುತ್ತದೆ, ಕೈ ನಡುಗುತ್ತದೆ, ನಿಮಗೆ ಗೊತ್ತಿಲ್ಲದಂತೆಯೇ ಕೆಳಕ್ಕೆ ಇಳಿಯುತ್ತದೆ. ಹಿಂದೆ ಶಾಲೆಗಳಲ್ಲಿ ಕೈ ಎತ್ತಿ ನಿಲ್ಲಿಸುವ ಶಿಕ್ಷೆ ಇತ್ತು. ಅದು ಎಷ್ಟು ಕಠಿಣವೆಂದು ನಿಮ್ಮ ತಂದೆತಾಯಿಯರನ್ನು ಕೇಳಿದರೆ ಹೇಳುತ್ತಾರೆ.

ಈಗ ಯೋಚಿಸಿ. ಇದೇ ಶಿಕ್ಷೆಯನ್ನು ದಿನಕ್ಕೆ ಎಂಟೋ ಹತ್ತೋ ಗಂಟೆ, ಕೈಯಲ್ಲಿ ಕತ್ತರಿಯನ್ನೋ ಹೇರ್ ಡ್ರೈಯರನ್ನೋ ಹಿಡಿದುಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು ಅನುಭವಿಸುವವರು ನಮ್ಮ ಊರಿನ ಬೀದಿಬೀದಿಗಳಲ್ಲಿ ಇದ್ದಾರೆ. ಅವರೇ ಬ್ಯೂಟಿ ಪಾರ್ಲರುಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು. ಕ್ಷೌರದಂಗಡಿಗಳಲ್ಲಿ ನಿಂತಿರುವ ಅಣ್ಣತಮ್ಮಂದಿರ ಪಾಡೂ ಹೆಚ್ಚು ಬೇರೆಯಲ್ಲ.

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವವಳು. ವಿದ್ಯಾರ್ಥಿಗಳಿಗೆ ಈ ವಿಷಯ ಏಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಕೆಲವರು ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ.ಯ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ತರಬೇತಿಗೆ ಸೇರುವವರಿದ್ದೀರಿ. ಕೆಲವರು ಕಾಲೇಜಿನ ರಜೆಯಲ್ಲಿ ಪಕ್ಕದ ರಸ್ತೆಯ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದೀರಿ. ಇನ್ನು ಕೆಲವರ ಅಕ್ಕ, ಅತ್ತಿಗೆ, ತಾಯಿ ಇದೇ ದುಡಿಮೆಯಿಂದ ನಿಮ್ಮ ಫೀಸು ಕಟ್ಟುತ್ತಿದ್ದಾರೆ. ಹೆಗಲು ಕೆಡುವ ಅಭ್ಯಾಸಗಳು ಹೆಚ್ಚಾಗಿ ಕಲಿಯುವ ದಿನಗಳಲ್ಲೇ ಮೈಗೂಡುತ್ತವೆ. ಆದ್ದರಿಂದ ಈ ಮಾತನ್ನು ನಿಮಗೆ ಹೇಳುವುದೇ ಸರಿ ಎಂದು ನನ್ನ ಎಣಿಕೆ.

ನಾನು ಈ ವಿಷಯ ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಇಪ್ಪತ್ತಾರು ವರ್ಷದ ಒಬ್ಬ ಯುವತಿ ನಮ್ಮ ವಿಭಾಗಕ್ಕೆ ಬಂದಳು. ಬಲ ಹೆಗಲಿನಲ್ಲಿ ನೋವು. ಐದು ವರ್ಷದಿಂದ ಪಾರ್ಲರಿನಲ್ಲಿ ಕೆಲಸ. "ಮದುವೆ ತಿಂಗಳಲ್ಲಿ ಎಷ್ಟೋ ಮದುಮಕ್ಕಳಿಗೆ ಜಡೆ ಹಾಕ್ತೀನಿ ಮೇಡಂ, ಈಗ ನನ್ನ ಜಡೆ ನನ್ನ ಕೈಲಿ ಹಾಕ್ಕೊಳ್ಳೋಕಾಗ್ತಿಲ್ಲ, ನಮ್ಮಮ್ಮ ಹಾಕ್ತಾರೆ" ಎಂದಳು. ಪರೀಕ್ಷಿಸಿದೆ. ತೋಳನ್ನು ಪಕ್ಕದಿಂದ ಎತ್ತುವಾಗ ಅರ್ಧ ದಾರಿಯಲ್ಲಿ ಮುಖ ಕಿವುಚುತ್ತಿದ್ದಳು. ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯಲು ಆಗುತ್ತಿರಲಿಲ್ಲ. ಬಿಸಿ ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ, ಮೂರು ವಾರ ಕೆಲಸಕ್ಕೆ ಹೋಗಬೇಡ ಎಂದೆ. "ಮೂರು ವಾರ ಬಿಟ್ರೆ ಆ ಜಾಗಕ್ಕೆ ಬೇರೆ ಹುಡುಗಿ ಬರ್ತಾಳೆ ಮೇಡಂ" ಎಂದಳು. ಒಂದು ವಾರ ಬಿಟ್ಟಳು, ನೋವು ಇಳಿಯಿತು. ಮತ್ತೆ ಹೋದಳು, ಹದಿನೈದು ದಿನಕ್ಕೆ ಮೊದಲಿಗಿಂತ ಹೆಚ್ಚಾಗಿ ಬಂದಳು. ಹೇಳಿದ ಮಾತು ಕೇಳುವುದಿಲ್ಲವೆಂದು ನಾನು ಗದರಿದೆ. ಅವಳು ಸುಮ್ಮನೆ ತಲೆ ತಗ್ಗಿಸಿ ಕುಳಿತಳು. ಆ ದಿನ ಮನೆಗೆ ಬಂದ ಮೇಲೆ ನನಗೇ ಸರಿಯೆನಿಸಲಿಲ್ಲ.

ಇಟಲಿಯಲ್ಲಿ ಬರ್ನಾರ್ಡಿನೋ ರಮಾಜಿನಿ ಎಂಬ ವೈದ್ಯನಿದ್ದ. ಕಸುಬುದಾರರಿಗೆ ಅವರವರ ಕಸುಬಿನಿಂದಲೇ ಬರುವ ಕಾಯಿಲೆಗಳ ಬಗ್ಗೆ 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ. ರೋಗಿಯ ಬಳಿ ಕುಳಿತಾಗ ವೈದ್ಯರು ಹಿಂದಿನಿಂದ ಕೇಳುತ್ತ ಬಂದ ಪ್ರಶ್ನೆಗಳ ಜೊತೆಗೆ 'ನಿನ್ನ ಕಸುಬೇನು?' ಎಂಬುದನ್ನೂ ಕೇಳಬೇಕೆಂದು ಹೇಳಿದವನು ಅವನು. ನಾನು ಕಸುಬನ್ನೇನೋ ಕೇಳಿದ್ದೆ. ಆದರೆ ಅದನ್ನು ಹೇಗೆ ಮಾಡುತ್ತೀಯೆಂದು ಕೇಳಿರಲಿಲ್ಲ. ಮುಂದಿನ ಭಾನುವಾರ ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಅವಳ ಪಾರ್ಲರಿಗೇ ಹೋದೆ.

ಅಲ್ಲಿ ಕಂಡದ್ದನ್ನು ಹೇಳುವ ಮುನ್ನ ಹೆಗಲಿನ ರಚನೆಯನ್ನು ಸ್ವಲ್ಪ ನೋಡಿಬಿಡೋಣ. ಇಲ್ಲದಿದ್ದರೆ ಅಲ್ಲಿ ಕಂಡದ್ದು ಅರ್ಥವಾಗುವುದಿಲ್ಲ.

ನಮ್ಮ ದೇಹದ ಕೀಲುಗಳಲ್ಲಿ ಅತ್ಯಂತ ಹೆಚ್ಚು ದಿಕ್ಕುಗಳಿಗೆ ತಿರುಗಬಲ್ಲದ್ದು ಹೆಗಲಿನ ಕೀಲು. ಸೊಂಟದ ಕೀಲೂ ಅದೇ ಜಾತಿಯದು, ಕುಳಿಯೊಳಗೆ ಗುಂಡು ಕುಳಿತಿರುವ ಕೀಲು. ಆದರೆ ಎರಡಕ್ಕೂ ಅಜಗಜಾಂತರ. ಸೊಂಟದಲ್ಲಿ ಒರಳಿನೊಳಗೆ ರುಬ್ಬುಗುಂಡು ಕುಳಿತಂತೆ ಮೂಳೆ ಭದ್ರವಾಗಿ ಕುಳಿತಿದೆ. ಹೆಗಲಿನಲ್ಲಿ ಕುಳಿ ಬಹಳ ಆಳವಿಲ್ಲದ್ದು, ಗುಂಡು ದೊಡ್ಡದು. ನಿಮ್ಮ ಶಾಲೆಯ ಆಟೋಟದ ದಿನ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆ ಇರುತ್ತದಲ್ಲ, ಹೆಗಲಿನ ಕೀಲು ಹೆಚ್ಚುಕಡಿಮೆ ಆ ನಿಂಬೆಹಣ್ಣಿನಂತೆ. ಅದು ಬೀಳದಂತೆ ಸುತ್ತಲಿಂದ ಹಿಡಿದಿರುವುದು ನಾಲ್ಕು ಪುಟ್ಟ ಸ್ನಾಯುಗಳು. ಅಂಗಿಯ ತೋಳಿನ ತುದಿಗೆ ಕಫ್ ಇರುವಂತೆ ಇವುಗಳ ರಜ್ಜುಗಳು ಮೂಳೆಯ ತಲೆಯನ್ನು ಸುತ್ತಿಕೊಂಡಿರುವುದರಿಂದ ಇವಕ್ಕೆ ರೊಟೇಟರ್ ಕಫ್ ಎಂದು ಹೆಸರು.

ಈ ನಾಲ್ಕರಲ್ಲಿ ಒಂದಕ್ಕೆ ದುರದೃಷ್ಟದ ಜಾಗ ಸಿಕ್ಕಿದೆ. ಸುಪ್ರಾಸ್ಪೈನೇಟಸ್ ಎಂಬ ಆ ಸ್ನಾಯುವಿನ ರಜ್ಜು ಹೆಗಲಿನ ತುದಿಯಲ್ಲಿ ಸೂರಿನಂತೆ ಚಾಚಿಕೊಂಡಿರುವ ಮೂಳೆಯ ಕೆಳಗೆ ಹಾಯ್ದು ಹೋಗುತ್ತದೆ. ಸೂರಿಗೂ ತೋಳಿನ ಮೂಳೆಯ ತಲೆಗೂ ನಡುವೆ ಇರುವ ಸಂದು ಸುಮಾರು ಒಂದು ಸೆಂಟಿಮೀಟರ್. ಆ ಸಂದಿನಲ್ಲೇ ರಜ್ಜೂ ಇರಬೇಕು, ಉಜ್ಜಾಟ ತಪ್ಪಿಸಲು ಇರುವ ಬರ್ಸಾ ಎಂಬ ತೆಳ್ಳನೆಯ ಚೀಲವೂ ಇರಬೇಕು. ತೋಳನ್ನು ಎತ್ತಿದಾಗ ಸಂದು ಇನ್ನೂ ಕಿರಿದಾಗುತ್ತದೆ. ಒಮ್ಮೆ ಎತ್ತಿ ಇಳಿಸಿದರೆ ತೊಂದರೆಯಿಲ್ಲ. ಎತ್ತಿದ ತೋಳನ್ನು ಹಾಗೆಯೇ ಹಿಡಿದು ಗಂಟೆಗಟ್ಟಲೆ ಕೆಲಸ ಮಾಡಿದರೆ, ಅದೂ ದಿನದಿನವೂ ಮಾಡಿದರೆ, ರಜ್ಜು ಸವೆಯುತ್ತದೆ, ಬರ್ಸಾ ಬಾತುಕೊಳ್ಳುತ್ತದೆ. ಬಾತುಕೊಂಡದ್ದಕ್ಕೆ ಇನ್ನೂ ಹೆಚ್ಚು ಜಾಗ ಬೇಕು, ಇರುವ ಜಾಗ ಅಷ್ಟೇ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಮ್ಮ ಒಂದು ತೋಳಿನ ತೂಕ ದೇಹದ ತೂಕದ ನೂರಕ್ಕೆ ಐದರಷ್ಟಿರುತ್ತದೆ. ಐವತ್ತು ಕಿಲೋ ತೂಗುವ ಹುಡುಗಿಯ ತೋಳು ಸುಮಾರು ಎರಡೂವರೆ ಕಿಲೋ. ಪಾರ್ಲರಿನ ಡ್ರೈಯರ್ ತೂಗುವುದು ಅರ್ಧ ಕಿಲೋದ ಆಸುಪಾಸು. ಅಂದರೆ ನಿಜವಾದ ಹೊರೆ ಡ್ರೈಯರ್ ಅಲ್ಲ, ತೋಳೇ. ನೀವು ಓದಿರುವ ಮೂರನೆಯ ವರ್ಗದ ಸನ್ನೆಯನ್ನು ನೆನಪಿಸಿಕೊಳ್ಳಿ. ಚಾಚಿದ ತೋಳಿನ ಗುರುತ್ವ ಕೇಂದ್ರ ಕೀಲಿನಿಂದ ದೂರದಲ್ಲಿದೆ, ಅದನ್ನು ಎತ್ತಿ ಹಿಡಿಯುವ ಸ್ನಾಯು ಕೀಲಿನ ತೀರ ಹತ್ತಿರ ಎಳೆಯುತ್ತಿದೆ. ಹೀಗಾಗಿ ಸ್ನಾಯು ತೋಳಿನ ತೂಕದ ಎಷ್ಟೋ ಪಟ್ಟು ಬಲವನ್ನು ಹಾಕಬೇಕಾಗುತ್ತದೆ. ಮೊಣಕೈಯನ್ನು ಮಡಚಿ ಪಕ್ಕೆಯ ಹತ್ತಿರ ತಂದುಕೊಂಡರೆ ಗುರುತ್ವ ಕೇಂದ್ರವೂ ಹತ್ತಿರ ಬರುತ್ತದೆ, ಬಲವೂ ಕಡಿಮೆ ಸಾಕು. ಈ ಒಂದು ಲೆಕ್ಕ ಅರ್ಥವಾದರೆ ಮುಂದೆ ನಾನು ಹೇಳುವುದರಲ್ಲಿ ಬಹುಪಾಲನ್ನು ನೀವೇ ಊಹಿಸಬಲ್ಲಿರಿ.

ಸ್ನಾಯು ಬಿಗಿಯುವುದಕ್ಕೂ ಸಡಿಲುವುದಕ್ಕೂ ನಡುವೆ ರಕ್ತ ಹರಿಯುತ್ತದೆ. ನಡೆಯುವಾಗ ಕಾಲಿನ ಸ್ನಾಯು ಬಿಗಿಯುತ್ತ, ಸಡಿಲುತ್ತ ಇರುವುದರಿಂದ ಮೈಲಿಗಟ್ಟಲೆ ನಡೆದರೂ ತಡೆಯುತ್ತದೆ. ಒಂದೇ ಸಮನೆ ಬಿಗಿದು ನಿಂತ ಸ್ನಾಯುವಿನಲ್ಲಿ ರಕ್ತನಾಳಗಳು ಒತ್ತಿಹೋಗಿ ಹರಿವು ತಗ್ಗುತ್ತದೆ. ಆರಂಭದ ಪ್ರಯೋಗದಲ್ಲಿ ನಿಮಗೆ ಉರಿ ಬಂದದ್ದು ಇದರಿಂದಲೇ. ಆದ್ದರಿಂದ 'ಭಾರ ಎತ್ತುವ ಕೆಲಸವಲ್ಲವಲ್ಲ, ನೋವೇಕೆ?' ಎಂದು ಪಾರ್ಲರಿನ ಹುಡುಗಿಯನ್ನು ಕೇಳುವ ಮನೆಯವರು ತಪ್ಪು ಲೆಕ್ಕ ಹಾಕುತ್ತಿದ್ದಾರೆ. ನಾರ್ವೆ, ಸ್ವೀಡನ್ ದೇಶಗಳಲ್ಲಿ ಕೇಶವಿನ್ಯಾಸ ಮಾಡುವವರ ತೋಳಿಗೆ ಪುಟ್ಟ ಮಾಪಕಗಳನ್ನು ಕಟ್ಟಿ, ತೋಳು 60 ಡಿಗ್ರಿಗಿಂತ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದೇ ಅಳೆದಿದ್ದಾರೆ. ಅವರು ಅಳೆದದ್ದು ಹೊತ್ತ ಭಾರವನ್ನಲ್ಲ, ಎತ್ತಿದ ಕೋನವನ್ನು ಎಂಬುದನ್ನು ಗಮನಿಸಿ.

ಇನ್ನು ಪಾರ್ಲರಿಗೆ ಬರೋಣ. ಆ ಹುಡುಗಿ ಐದು ಅಡಿಗೂ ಒಂದು ಬೆರಳು ಕಡಿಮೆ. ಗಿರಾಕಿ ಕೂರುವ ಕುರ್ಚಿಗೆ ಪೆಡಲು ಇತ್ತು, ಒತ್ತಿದರೆ ಏರುವ, ಇಳಿಯುವ ಜಾತಿಯದು. ಆದರೆ ಅದು ಕೆಟ್ಟು ವರ್ಷವಾಗಿತ್ತು, ಎತ್ತರದಲ್ಲೇ ಸಿಕ್ಕಿಕೊಂಡು ನಿಂತಿತ್ತು. ಪಾರ್ಲರಿನ ಒಡತಿ ಎತ್ತರದ ಹೆಂಗಸು, ಅವರಿಗೆ ಅದರಿಂದ ಏನೂ ಅನ್ನಿಸಿರಲಿಲ್ಲ. ನಾನು ಕುಳಿತಾಗ ನನ್ನ ನೆತ್ತಿ ಆ ಹುಡುಗಿಯ ಮೂಗಿನ ಮಟ್ಟಕ್ಕೆ ಬಂತು! ನೆತ್ತಿಯ ಕೂದಲನ್ನು ಎತ್ತಿ ಹಿಡಿದು ಕತ್ತರಿಸಲು ಅವಳು ಎರಡೂ ಮೊಣಕೈಗಳನ್ನು ಹೆಗಲಿಗಿಂತ ಮೇಲಕ್ಕೆ ಒಯ್ಯಬೇಕಿತ್ತು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರಿಗೆ ಕೂದಲು ಸ್ಮೂದನಿಂಗ್ ನಡೆಯುತ್ತಿತ್ತು. ಅದು ಮೂರು ನಾಲ್ಕು ಗಂಟೆಯ ಕೆಲಸ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಿರಿಯಳಿಗೆ ಸಹಾಯವಾಗಿ ಡ್ರೈಯರನ್ನು ಎತ್ತಿ ಹಿಡಿದು ನಿಂತೇ ಇದ್ದಳು. ಕಲಿಯುವವರ ಪಾಲಿಗೆ ಬರುವುದು ಹೆಚ್ಚಾಗಿ ಈ ಹಿಡಿದು ನಿಲ್ಲುವ ಕೆಲಸವೇ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ನಾನು ಕನ್ನಡಿ ನೋಡುತ್ತ ನೆಟ್ಟಗೆ ಕುಳಿತಿದ್ದೆ. ಅವಳು ನನ್ನ ಕಿವಿಯ ಹಿಂದಿನ ಕೂದಲಿಗಾಗಿ ಮೈಯನ್ನೆಲ್ಲ ತಿರುಚಿ, ತೋಳು ಸುತ್ತಿ ಹಾಕಿ ಕತ್ತರಿಸುತ್ತಿದ್ದಳೇ ಹೊರತು "ಸ್ವಲ್ಪ ತಲೆ ಬಗ್ಗಿಸಿ" ಎನ್ನಲಿಲ್ಲ. ಏಕಮ್ಮ ಹೇಳಲಿಲ್ಲ ಎಂದು ಕೇಳಿದೆ. "ದೊಡ್ಡೋರಿಗೆ ಹೆಂಗೆ ಮೇಡಂ ಹಾಗನ್ನೋದು" ಎಂದಳು. ನಮ್ಮ ಮಕ್ಕಳಿಗೆ ನಾವು ಕಲಿಸಿದ ಮರ್ಯಾದೆ ಅವರ ಹೆಗಲಿಗೆ ಹೀಗೆ ಭಾರವಾಗುತ್ತದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ದೃಷ್ಟಿಯಲ್ಲಿ ಮೊದಲನೆಯದು ಔಷಧಿಯೂ ಅಲ್ಲ, ವ್ಯಾಯಾಮವೂ ಅಲ್ಲ, ಎತ್ತರ. ನೀವು ಕೆಲಸ ಮಾಡುತ್ತಿರುವ ಜಾಗ, ಅದು ಕೂದಲಿರಲಿ, ಹುಬ್ಬಿರಲಿ, ನಿಮ್ಮ ಎದೆಯ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ ಬರಬೇಕು. ಆಗ ಮೊಣಕೈಗಳು ಪಕ್ಕೆಯ ಹತ್ತಿರವೇ ಉಳಿಯುತ್ತವೆ. ಪ್ರತಿ ಗಿರಾಕಿಗೂ ಕುರ್ಚಿಯ ಎತ್ತರ ಬದಲಿಸಿಕೊಳ್ಳಿ. ಉದ್ದಕೂದಲಿನ ತುದಿ ಕತ್ತರಿಸುವಾಗ ಮೇಲೆ, ನೆತ್ತಿಯ ಭಾಗಕ್ಕೆ ಬಂದಾಗ ಕೆಳಗೆ. ಕುರ್ಚಿಯನ್ನು ಪೂರಾ ಇಳಿಸಿದರೂ ಕುಳ್ಳಗಿರುವವರಿಗೆ ಸಾಲದು. ಅವರು ನಾಲ್ಕು ಬೆರಳು ಎತ್ತರದ, ಎರಡೂ ಕಾಲು ಅಗಲಿಸಿ ನಿಲ್ಲುವಷ್ಟು ವಿಶಾಲವಾದ ಗಟ್ಟಿ ಹಲಗೆಯ ಮೆಟ್ಟಿಲನ್ನು ಮಾಡಿಸಿಕೊಳ್ಳಲಿ. ಅಗಲ ಕಡಿಮೆಯಿದ್ದರೆ ಮುಗ್ಗರಿಸುವ ಅಪಾಯ ಉಂಟು, ಎಚ್ಚರ.

ಎರಡನೆಯದು, ಗಿರಾಕಿಯ ತಲೆ ತಿರುಗಬೇಕು, ನಿಮ್ಮ ತೋಳಲ್ಲ. "ಆಂಟಿ, ಸ್ವಲ್ಪ ಬಗ್ಗಿ", "ಅಕ್ಕಾ, ಈ ಕಡೆ ತಿರುಗಿ" ಎನ್ನುವುದರಲ್ಲಿ ಅಗೌರವವೇನೂ ಇಲ್ಲ. ಹಲ್ಲಿನ ವೈದ್ಯರು ಎಂಥ ದೊಡ್ಡವರಿಗೂ ಬಾಯಿ ತೆರೆಯಿರಿ ಎನ್ನುವುದಿಲ್ಲವೇ? ತಲೆ ತಿರುಗಿಸಿಯೂ ಆಗದ ಕಡೆ ನೀವು ಕಾಲು ಕಿತ್ತಿಟ್ಟು ಕುರ್ಚಿಯ ಸುತ್ತ ನಡೆಯಿರಿ. ನಿಂತಲ್ಲಿಂದ ಚಾಚಬೇಡಿ. ವ್ಯಾಕ್ಸಿಂಗ್ ಮಾಡುವಾಗಲೂ ಅಷ್ಟೇ, ಮಂಚದ ಈ ಬದಿಯಿಂದ ಆ ಬದಿಯ ಕಾಲಿಗೆ ಬಾಗಿ ಎಳೆಯುವುದಕ್ಕಿಂತ ಸುತ್ತಿ ಹೋಗುವುದು ಲೇಸು.

ಡ್ರೈಯರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಗಲನ್ನು ಹೆಚ್ಚು ದಣಿಸುವುದು ಅದೇ. ಮೊದಲು ಟವೆಲಿನಿಂದ ಕೂದಲಿನ ನೀರನ್ನು ಚೆನ್ನಾಗಿ ಹೀರಿಸಿ. ಡ್ರೈಯರ್ ಹಿಡಿಯಬೇಕಾದ ಹೊತ್ತೇ ಕಡಿಮೆಯಾಗುತ್ತದೆ. ಗಾಳಿ ಮೇಲಿನಿಂದ ಬರಲೆಂದು ಮೊಣಕೈ ಎತ್ತುವ ಬದಲು, ಮೊಣಕೈ ಕೆಳಗಿಟ್ಟು ಮಣಿಕಟ್ಟಿನಿಂದ ಡ್ರೈಯರಿನ ಮೂತಿಯನ್ನು ತಿರುಗಿಸಿ. ಎಡಗೈಯಲ್ಲಿ ಹಿಡಿಯುವುದನ್ನೂ ಕಲಿಯುವ ಕಾಲದಲ್ಲೇ ರೂಢಿಸಿಕೊಳ್ಳಿ. ಹತ್ತು ವರ್ಷ ಕೆಲಸ ಮಾಡಿದ ಮೇಲೆ ಕೈ ಬದಲಿಸುವುದು ಬಲು ಕಷ್ಟ. ವಯರು ಗಿಡ್ಡವಿದ್ದರೆ ಅದು ಜಗ್ಗುವ ಭಾರವೂ ತೋಳಿನ ಮೇಲೆಯೇ ಬೀಳುತ್ತದೆ. ಕತ್ತರಿ ಮೊಂಡಾಗಿದ್ದರೆ ಪ್ರತಿ ಕತ್ತರಿಗೂ ಕೈ ಬಿಗಿಯಬೇಕು, ಕೈ ಬಿಗಿದರೆ ಹೆಗಲೂ ಬಿಗಿಯುತ್ತದೆ. ಸಾಣೆ ಹಿಡಿಸಲು ಕೊಡುವ ಹಣ ದಂಡವಲ್ಲ.

ಥ್ರೆಡ್ಡಿಂಗ್ ನಮ್ಮ ದೇಶದ ಪಾರ್ಲರುಗಳಲ್ಲಿ ದಿನಕ್ಕೆ ಎಷ್ಟು ಸಲ ನಡೆಯುತ್ತದೆಂದು ಲೆಕ್ಕವಿಲ್ಲ. ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡು ಕೈಗಳಲ್ಲಿ, ಮೈ ಗಿರಾಕಿಯ ಮುಖದ ಮೇಲೆ ಬಾಗಿ, ಕುತ್ತಿಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಇಲ್ಲಿ ಹೆಗಲಿನ ಜೊತೆ ಕುತ್ತಿಗೆಗೂ ದವಡೆಗೂ ಪೆಟ್ಟು. ಬಾಯಿಯ ದಾರ ಶುಚಿತ್ವದ ದೃಷ್ಟಿಯಿಂದಲೂ ಒಳ್ಳೆಯದಲ್ಲವೆಂಬುದು ಬೇರೆ ಮಾತು. ತಲೆಗೆ ಆಸರೆಯಿರುವ ಕುರ್ಚಿಯಲ್ಲಿ ಗಿರಾಕಿಯನ್ನು ಹಿಂದಕ್ಕೆ ಒರಗಿಸಿ, ನೀವು ಅವರ ತಲೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು ಮಾಡುವುದನ್ನು ಅಭ್ಯಾಸ ಮಾಡಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದಂತೆ ಸಾಲುಗಟ್ಟಿ ಬಂದಾಗ, ನಾಲ್ಕೈದು ಥ್ರೆಡ್ಡಿಂಗ್ ಆದ ಮೇಲೆ ಮಧ್ಯೆ ಬೇರೆ ಜಾತಿಯ ಕೆಲಸವೊಂದನ್ನು ತೆಗೆದುಕೊಳ್ಳಿ.

ಮದುವೆಯ ಛತ್ರಗಳದ್ದೇ ಇನ್ನೊಂದು ಕಥೆ. ಅಲ್ಲಿ ಪೆಡಲಿನ ಕುರ್ಚಿ ಎಲ್ಲಿಂದ ಬರಬೇಕು! ಬೆಳಗಿನ ಜಾವ ನಾಲ್ಕು ಗಂಟೆಗೆ ಮದುಮಗಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಹೂರ್ತ ಹತ್ತಿರವಾಯಿತೆಂದು ಹತ್ತು ಜನ ಬಾಗಿಲು ಬಡಿಯುತ್ತಿರುವಾಗ, ಬಗ್ಗಿ ನಿಂತೇ ಎರಡು ಗಂಟೆ ಅಲಂಕಾರ ಮಾಡುತ್ತಾರೆ. ಮೇಕಪ್ ಮಾಡುವಾಗ ಎದುರಿಗೆ ಅದೇ ಎತ್ತರದ ಕುರ್ಚಿ ಹಾಕಿಕೊಂಡು ಕುಳಿತರೆ ತೋಳು ಎಷ್ಟೋ ಹಗುರ. ಮೊಗ್ಗಿನ ಜಡೆಯನ್ನು ಹಿಂದಿನ ರಾತ್ರಿಯೇ ಮೇಜಿನ ಮೇಲಿಟ್ಟುಕೊಂಡು ಹೊಲಿದು, ಬೆಳಿಗ್ಗೆ ಬರೀ ಕಟ್ಟುವ ಪದ್ಧತಿ ಬಂದಿರುವುದು ಹೆಗಲಿಗೂ ಒಂದು ಉಪಕಾರವೇ. ಆಷಾಢದಲ್ಲಿ ಮದುವೆಗಳಿಲ್ಲವೆಂದು ಬೇಸರಪಡುವ ಬ್ಯೂಟಿಷಿಯನ್ನರಿಗೆ ನಾನು ಹೇಳುವುದು, ಕೆಳಗೆ ಹೇಳುವ ವ್ಯಾಯಾಮಗಳನ್ನು ಆರಂಭಿಸಲು ಅದಕ್ಕಿಂತ ಒಳ್ಳೆಯ ಮಾಸವಿಲ್ಲ ಎಂದು.

ಬಿಡುವು ಎಂದರೆ ಅರ್ಧ ಗಂಟೆಯ ವಿಶ್ರಾಂತಿ ಎಂದು ತಿಳಿಯಬೇಡಿ. ಅದನ್ನು ಯಾವ ಒಡತಿಯೂ ಕೊಡಲಾರಳು. ಬಾಚಣಿಗೆ ಬದಲಿಸುವಾಗ, ಕ್ಲಿಪ್ ತೆಗೆಯುವಾಗ ಎರಡು ತೋಳುಗಳನ್ನೂ ಪೂರ್ತಿ ಕೆಳಗೆ ಇಳಿಬಿಟ್ಟು ಮೂರು ಸಲ ದೀರ್ಘವಾಗಿ ಉಸಿರಾಡಿ. ಸ್ನಾಯುವಿಗೆ ರಕ್ತ ಹರಿಯಲು ಅಷ್ಟು ಎಡೆ ಸಿಕ್ಕರೂ ದೊಡ್ಡದು. ಗಂಟೆಗೊಮ್ಮೆ ಹೆಗಲುಗಳನ್ನು ಹಿಂದಕ್ಕೆ ತಿರುಗಿಸಿ, ಬೆನ್ನಿನ ಎರಡು ರೆಕ್ಕೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಐದು ಎಣಿಸುವವರೆಗೆ ಹಿಡಿಯಿರಿ.

ಈಗಾಗಲೇ ನೋವು ಬಂದವರಿಗೆ ಏನು ದಾರಿ? ನೋವು ಹೊಸದಾಗಿದ್ದು, ಮುಟ್ಟಿದರೆ ಚುರುಗುಟ್ಟುತ್ತಿದ್ದರೆ ಮೊದಲ ಎರಡು ಮೂರು ದಿನ ತಣ್ಣನೆಯ ಶಾಖ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬೇಕು, ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಹಳೆಯ ನೋವಾಗಿ ಸ್ನಾಯು ಬಿಗಿದಿದ್ದರೆ ಬಿಸಿನೀರಿನ ಶಾಖ ಹಿತ. ನೋವಿರುವ ಮಗ್ಗುಲಿಗೆ ಮಲಗಬೇಡಿ. ಇನ್ನೊಂದು ಮಗ್ಗುಲಿಗೆ ಮಲಗಿ, ನೋಯುವ ತೋಳಿನ ಕೆಳಗೆ ಎದೆಗೆ ಆನಿಸಿ ಒಂದು ದಿಂಬು ಇಟ್ಟುಕೊಳ್ಳಿ. ಬಹಳ ಮಂದಿಗೆ ಇದೊಂದರಿಂದಲೇ ನಿದ್ದೆ ಬಂದಿದೆ. ಎಣ್ಣೆ ಹಚ್ಚಿ ಮೃದುವಾಗಿ ನೀವಿದರೆ ತಪ್ಪಿಲ್ಲ. ಆದರೆ ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ಲಟಿಕೆ ತೆಗೆಸುವ ಚಪಲ ಬೇಡ. ಅಲ್ಲಿ ನರಗಳೂ ಮೆದುಳಿಗೆ ಹೋಗುವ ರಕ್ತನಾಳಗಳೂ ಇವೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದೂ ಬೇಡ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಹೀಗೆಯೇ ಬರುತ್ತವೆ.

ತೋಳನ್ನು ಜೋಲಿಯಲ್ಲಿ ಕಟ್ಟಿಟ್ಟು ಪೂರ್ಣ ವಿಶ್ರಾಂತಿ ಕೊಡುವುದು ಒಳ್ಳೆಯದಲ್ಲ. ಅಲುಗಾಡದ ಹೆಗಲು ಬಲುಬೇಗ ಬಿಗಿದುಕೊಳ್ಳುತ್ತದೆ. ಇದಕ್ಕೆ ನಿಮಗೆ ಗೊತ್ತಿರುವ ಲೋಲಕವನ್ನೇ ಬಳಸಬಹುದು. ಅಮೆರಿಕದ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯರಿದ್ದರು. 1934ರಲ್ಲಿ ಹೆಗಲಿನ ಮೇಲೆಯೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದವರು. ಈ ವ್ಯಾಯಾಮ ಇಂದಿಗೂ ಅವರ ಹೆಸರಿನಲ್ಲೇ ಇದೆ. ನೋವಿಲ್ಲದ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋಯುವ ತೋಳನ್ನು ಹಗ್ಗದಂತೆ ಸಡಿಲವಾಗಿ ಇಳಿಬಿಡಿ. ಈಗ ಮೈಯನ್ನು ಮೆಲ್ಲಗೆ ತೂಗಿದರೆ ತೋಳು ತಾನಾಗಿ ಹಿಂದೆ ಮುಂದೆ, ಆಚೆ ಈಚೆ, ಆಮೇಲೆ ಸಣ್ಣ ವೃತ್ತದಲ್ಲಿ ತೂಗುತ್ತದೆ. ಕೆಲಸ ಮಾಡಬೇಕಾದದ್ದು ಗುರುತ್ವಾಕರ್ಷಣೆ, ಸ್ನಾಯುವಲ್ಲ. ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ.

ನೋವು ತಗ್ಗಿದ ಮೇಲೆ ಗೋಡೆಯ ವ್ಯಾಯಾಮ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸಿ. ನೋವು ಶುರುವಾಗುವ ಕಡೆ ನಿಲ್ಲಿಸಿ, ಪೆನ್ಸಿಲಿನಿಂದ ಗುರುತು ಹಾಕಿ. ವಾರದಿಂದ ವಾರಕ್ಕೆ ಗುರುತು ಮೇಲೇರುವುದನ್ನು ನೋಡುವುದೇ ಒಂದು ಉತ್ಸಾಹ. ಮೂರನೆಯದು ಆ ನಾಲ್ಕು ಪುಟ್ಟ ಸ್ನಾಯುಗಳಿಗೆ ಬಲ ಕೊಡುವಂಥದು. ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ನೋಯುವ ತೋಳು ಕಿಟಕಿಯಿಂದ ಆಚೆ ಬದಿಗೆ ಬರುವಂತೆ ಪಕ್ಕಕ್ಕೆ ತಿರುಗಿ ನಿಲ್ಲಿ. ಕಂಕುಳಲ್ಲಿ ಸುತ್ತಿದ ಟವೆಲು, ಮೊಣಕೈ ಪಕ್ಕೆಗೆ ಅಂಟಿ 90 ಡಿಗ್ರಿ ಮಡಚಿರಬೇಕು. ಟ್ಯೂಬಿನ ಇನ್ನೊಂದು ತುದಿ ಹಿಡಿದು ಮುಂಗೈಯನ್ನು ಹೊಟ್ಟೆಯಿಂದ ಹೊರಕ್ಕೆ ನಿಧಾನವಾಗಿ ತಿರುಗಿಸಿ, ಅಷ್ಟೇ ನಿಧಾನವಾಗಿ ಹಿಂದಕ್ಕೆ ಬನ್ನಿ. ಹತ್ತು ಸಲ ಸಾಕು. ಟವೆಲು ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ ಎಂದರ್ಥ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ.

ಇವೆಲ್ಲ ಮಾಡಿಯೂ ಕೆಲವು ವಾರಗಳಲ್ಲಿ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ. ಕೆಲವು ಚಿಹ್ನೆಗಳಿಗಂತೂ ಕಾಯಲೇಬಾರದು. ಬಿದ್ದ ಮೇಲೆ ತೋಳು ಮೇಲೇಳದಿರುವುದು, ಜ್ವರದೊಂದಿಗೆ ಹೆಗಲು ಕೆಂಪಗೆ ಬಾತಿರುವುದು, ಕೈಯ ಹಿಡಿತ ಸಡಿಲವಾಗಿ ಬೆರಳು ಜೋಮು ಹಿಡಿಯುವುದು ಅಂಥವು. ಹೆಗಲು, ತೋಳು ನೋಯುತ್ತ ಎದೆ ಬಿಗಿತ, ಬೆವರು, ಏದುಸಿರು ಬಂದರೆ ಅದು ಹೃದಯದ ಕರೆ ಇರಬಹುದು, ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಗಲು ಎಲ್ಲ ದಿಕ್ಕಿಗೂ ಬಿಗಿದುಕೊಳ್ಳುವ ಇನ್ನೊಂದು ತೊಂದರೆ ಉಂಟು. ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ. ನಿಮ್ಮ ತಾಯಿಗೋ ಅತ್ತೆಗೋ ಹೀಗಾಗಿದ್ದರೆ ಪಾರ್ಲರಿನ ಕೆಲಸವನ್ನಷ್ಟೇ ದೂರಬೇಡಿ, ರಕ್ತಪರೀಕ್ಷೆ ಮಾಡಿಸಿ.

ಆ ಯುವತಿಯ ವಿಷಯ ಬಾಕಿ ಉಳಿಯಿತು. ಕುರ್ಚಿ ರಿಪೇರಿ ಮಾಡಿಸಿ ಎಂದು ನಾನು ಹೇಳಿದಾಗ ಒಡತಿಗೆ ಬೇಸರವೇ ಆಯಿತು. ಹೊರಗಿನವಳು ಬಂದು ಬುದ್ಧಿ ಹೇಳಿದಳು ಎಂದು ಅನ್ನಿಸಿರಬೇಕು. ಎರಡು ವಾರ ಏನೂ ನಡೆಯಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಬಡಗಿಯಿಂದ ಹಲಗೆಯ ಮೆಟ್ಟಿಲು ಮಾಡಿಸಿಕೊಂಡು ಹೋದಳು. ಗಿರಾಕಿಗಳಿಗೆ ತಲೆ ಬಗ್ಗಿಸಿ ಎನ್ನತೊಡಗಿದಳು, ಯಾರೂ ಕೋಪಿಸಿಕೊಳ್ಳಲಿಲ್ಲವಂತೆ. ಕುರ್ಚಿ ಆಮೇಲೆ ಸರಿಹೋಯಿತು. ಹೆಗಲು ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ, ಅದು ನಿಧಾನವಾಗಿಯೇ ಮಾಗುತ್ತದೆ. ಆ ತಿಂಗಳುಗಳಲ್ಲಿ ಸ್ಮೂದನಿಂಗ್ ಕೆಲಸವನ್ನು ಬಿಟ್ಟುಕೊಟ್ಟದ್ದರಿಂದ ಅವಳ ಸಂಪಾದನೆ ಇಳಿಯಿತು, ಅದನ್ನು ನಾನು ತುಂಬಿಕೊಡಲಾಗಲಿಲ್ಲ. ಈಗಲೂ ಮದುವೆಯ ತಿಂಗಳುಗಳಲ್ಲಿ ಸಂಜೆ ಹೆಗಲು ತುಸು ಹಿಡಿಯುತ್ತದಂತೆ. ಆದರೆ ಜಡೆಯನ್ನು ತಾನೇ ಹಾಕಿಕೊಳ್ಳುತ್ತಾಳೆ.

ನಿಮ್ಮಲ್ಲಿ ಈ ಕೆಲಸ ಕಲಿಯಲು ಹೊರಟವರು ಸೇರುವ ಮೊದಲು ಒಂದು ದಿನ ಅಲ್ಲಿಗೆ ಹೋಗಿ ಕೆಲಸ ನಡೆಯುವುದನ್ನು ನೋಡಿ. ಸರ್ಟಿಫಿಕೇಟು ಯಾವುದು, ಫೀಸು ಎಷ್ಟು ಎಂದು ಹೇಗೂ ಕೇಳುತ್ತೀರಿ. ಜೊತೆಗೆ ಕಲಿಯುವವರನ್ನು ಎಷ್ಟು ಹೊತ್ತು ಡ್ರೈಯರ್ ಹಿಡಿಸಿ ನಿಲ್ಲಿಸುತ್ತಾರೆಂದೂ ವಿಚಾರಿಸಿ. ಮತ್ತೆ, ಗಿರಾಕಿಯ ಕುರ್ಚಿಯ ಪಕ್ಕದಲ್ಲಿ ನಿಂತು ಅದರ ಪೆಡಲನ್ನು ಒಮ್ಮೆ ಒತ್ತಿ, ಅದು ಕೆಳಗಿಳಿಯುತ್ತದೆಯೇ ಎಂದು ನೋಡಿಕೊಳ್ಳಿ.